ಕೆಂಪಂಗಿ ಗೆಲ್ಲುವ ತನಕ

ಈ ಮಫ್ಲರಿಗೆ ನಾನು ಕೊಟ್ಟದ್ದು ನಾನೂರು ರೂಪಾಯಿ. ಅಂಗಡಿಯವನು ಕೇಳಿದ್ದೂ ನಾನೂರೇ. ಊಟಿಯ ಬಸ್ ನಿಲ್ದಾಣದ ಪಕ್ಕದ ಉಣ್ಣೆ ಬಟ್ಟೆಯ ಸಾಲಿನಲ್ಲಿ ಕೇಳಿದ ಬೆಲೆಯನ್ನು ಕೇಳಿದ ಹಾಗೆಯೇ ಕೊಟ್ಟು ಬಂದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಕನ್ನಡಿಯಲ್ಲಿ ಈಗ ದಿನಾ ನೋಡುತ್ತಿದ್ದೇನೆ.

ಹಾಗೆಂದು ಚೌಕಾಸಿಗೆ ಇಳಿಯಲಿಲ್ಲ ಎಂದುಕೊಳ್ಳಬೇಡಿ. ಮಫ್ಲರು ಇಂಗ್ಲೆಂಡಿನ ಒಂದು ದೊಡ್ಡ ಫುಟ್‌ಬಾಲ್ ಕ್ಲಬ್ಬಿನದು. ಹೆಸರು ಹೇಳುವುದಿಲ್ಲ, ಹೇಳಿದರೆ ಓದುಗರಲ್ಲಿ ಅರ್ಧ ಮಂದಿ ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಕೆಂಪಂಗಿಯವರು ಎಂದರೆ ಸಾಕು. ಆ ತಂಡ ವಾರದಿಂದ ವಾರಕ್ಕೆ ಸೋಲುತ್ತಿರುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಹಿಡಿದುಕೊಂಡು, "ಸೋತ ಸರಕಪ್ಪಾ ಇದು, ಅರ್ಧಕ್ಕೆ ಕೊಡು" ಎಂದೆ. ಅಂಗಡಿಯವನು ಗೂಡಲೂರು ಕಡೆಯ ಮಲಯಾಳಿ ಹುಡುಗ. ನನ್ನ ಕೈಯಿಂದ ಮಫ್ಲರನ್ನು ಮೆತ್ತಗೆ ಬಿಡಿಸಿಕೊಂಡು, ಮಡಚಿ, ಮತ್ತೆ ರಾಶಿಯ ಮೇಲಿಟ್ಟ.

"ಚೇಟ್ಟಾ, ಟೀಮು ಸೋತರೆ ಉಣ್ಣೆ ತೆಳುವಾಗತ್ತಾ? ಚಳಿಗೆ ಸ್ಕೋರು ಗೊತ್ತಿರತ್ತಾ?"

ಕೈಯಿಂದ ಸರಕು ಹಿಂದಕ್ಕೆ ಹೋದಾಗಲೇ ನನ್ನ ಆಟ ಶುರುವಾಗುವುದು. ಮುಖ ತಿರುಗಿಸಿ ಹತ್ತು ಹೆಜ್ಜೆ ನಡೆಯಬೇಕು, ಅವನು ಕೂಗಿ ಕರೆಯಬೇಕು. ಆ ದಿನ ನಾನು ಹೆಜ್ಜೆಯನ್ನೇ ಎತ್ತಲಿಲ್ಲ. ಹುಡುಗನ ಮುಖದಲ್ಲಿ ಇನ್ನೊಂದು ಮುಖ ಕಂಡಿತು, ಗಡ್ಡ ಇದ್ದದ್ದು. ಜೇಬಿಗೆ ಕೈ ಹಾಕಿ ಕೊಟ್ಟುಬಿಟ್ಟೆ. ಆ ಗಡ್ಡದ ಕತೆ ಹೇಳದೆ ಈ ನಾನೂರಕ್ಕೆ ಸಮಜಾಯಿಷಿ ಸಿಗುವುದಿಲ್ಲ.

ನಾನು ನೀಲಗಿರಿಯ ಮಂಜೂರಿನಲ್ಲಿ ತರಕಾರಿ ವ್ಯಾಪಾರ ಮಾಡುವವನು. ಮೇಲಿನ ಹಟ್ಟಿಗಳ ಕ್ಯಾರೆಟ್ಟು, ಕೋಸು, ಆಲೂಗಡ್ಡೆ ಎತ್ತಿ ಗುಂಡ್ಲುಪೇಟೆ, ಮೈಸೂರಿನ ಮಂಡಿಗೆ ಇಳಿಸುತ್ತೇನೆ. ನನ್ನ ಈ ಕನ್ನಡ ಆ ಮಂಡಿಗಳಲ್ಲಿ ಬಲಿತದ್ದು. ಮನೆಯಲ್ಲಿ ನಾವು ಆಡುವುದು ಬಡಗ. ಇಲ್ಲಿ ಬರುವ ಮಾತುಗಳನ್ನು ನಿಮಗೆ ತಿಳಿಯುವಷ್ಟು ತಿಳಿ ಮಾಡಿ, ಉಪ್ಪು ಮಾತ್ರ ಹಾಗೇ ಬಿಟ್ಟಿದ್ದೇನೆ. ಅಪ್ಪ ಬಿಟ್ಟುಹೋದದ್ದು ಒಂದು ಗುದ್ದಲಿ ಮತ್ತು ಎರಡು ಪಾತಿ ಟೀ ಗಿಡ. ಉಳಿದದ್ದೆಲ್ಲ ನಾಲಿಗೆಯಿಂದ ದುಡಿದದ್ದು. ನಂಜನಾಡಿನ ಸಂತೆಯಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತು ಕಲಿತ ವಿದ್ಯೆ ಅದು. ಅಜ್ಜಿ ಆಲೂಗಡ್ಡೆಯನ್ನು ಕೈಯಲ್ಲಿ ತಿರುಗಿಸಿ, ಮಣ್ಣು ಒರೆಸಿ, ಏನೂ ಮಾತಾಡದೆ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಆ ಒಂದು ನಿಟ್ಟುಸಿರಿಗೆ ಬೆಲೆ ಇಳಿಯುತ್ತಿತ್ತು. ನಾನು ಮನೆಗೆ ಬಂದು ಅದನ್ನು ಅಭ್ಯಾಸ ಮಾಡುತ್ತಿದ್ದೆ. ಹುಡುಗನಿಗೆ ಉಬ್ಬಸ ಹಿಡಿದಿದೆ ಎಂದುಕೊಂಡು ಅಮ್ಮ ಕಷಾಯ ಕುಡಿಸಿದಳು.

ಫುಟ್‌ಬಾಲಿಗೂ ನನಗೂ ಇದ್ದ ಸಂಬಂಧ ಬಾಲ್ಯದಲ್ಲೇ ಮುಗಿದಿತ್ತು. ಕುಂದಾದ ಪವರ್‌ಹೌಸ್ ಕಾಲೋನಿಯ ಹುಡುಗರ ಹತ್ತಿರ ನಿಜವಾದ ಚರ್ಮದ ಚೆಂಡಿತ್ತು. ಹಟ್ಟಿಯ ನಮ್ಮ ಹತ್ತಿರ ಕ್ಯಾರೆಟ್ಟಿತ್ತು. ಒಂದು ಮಡಿಲು ಕ್ಯಾರೆಟ್ಟಿಗೆ ಒಂದು ಒದೆ ಎಂದು ರೇಟು ನಿಂತಿತ್ತು. ನಾನು ಅದನ್ನು ಅರ್ಧ ಮಡಿಲಿಗೆ ಇಳಿಸಿ, ಮೇಲೆ ಒಂದು ಗೋಲಿಯನ್ನೂ ಕಿತ್ತುಕೊಂಡೆ. ಅಷ್ಟು ಜಾಣತನದಿಂದ ಗಳಿಸಿದ ಒದೆಯನ್ನು ಒದ್ದದ್ದೇ ತಡ, ಚೆಂಡು ನೇರವಾಗಿ ಪವರ್‌ಹೌಸಿಗೆ ಹೋಗುವ ನೀರಿನ ಕಾಲುವೆಗೆ ಬಿತ್ತು. ಎಲ್ಲರೂ ಓಡಿದೆವು, ಒಬ್ಬನನ್ನು ಬಿಟ್ಟು. ಅವನು ಬೋಜ, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಕಾಲುವೆಯ ದಂಡೆಯಲ್ಲೇ ಇಳಿದು ಹೋಗಿ, ಕಬ್ಬಿಣದ ಜಾಲರಿ ಇರುವಲ್ಲಿ ನಿಂತು, ಚೆಂಡು ತೇಲಿ ಬರುವವರೆಗೆ ಕಾದು, ಕೋಲಿನಿಂದ ಎಳೆದು, ಕಾಲೋನಿಗೆ ಒಯ್ದು ಕೊಟ್ಟ.

"ಬದಲಿಗೆ ಏನು ಕೇಳಿದೆ?" ಎಂದು ಮಾರನೆಯ ದಿನ ವಿಚಾರಿಸಿದೆ.

"ಏನ ಕೇಳುವುದು? ಚೆಂಡು ಅವರದ್ದಲ್ಲವಾ?"

ಇವನು ವ್ಯಾಪಾರಕ್ಕೆ ಆಗುವವನಲ್ಲ ಎಂದು ಆಗಲೇ ತೀರ್ಮಾನಿಸಿದೆ. ಮುಂದೆ ಅವನ ಅಕ್ಕ ಮಾದಿಯನ್ನೇ ಮದುವೆಯಾದೆ, ಅದು ಬೇರೆ ವಿಷಯ.

ಚೆಂಡು ತಂದುಕೊಟ್ಟ ಮೇಲೆ ಕಾಲೋನಿಯ ಹುಡುಗರು ಬೋಜನನ್ನು ತಮ್ಮ ಕ್ಲಬ್ಬಿನ ಟೀವಿಯ ಮುಂದೆ ಕೂರಿಸಿಕೊಳ್ಳತೊಡಗಿದರು. ಅವನು ಕೆಂಪಂಗಿಯವರ ಕಡೆ ಸೇರಿದ್ದು ಅಲ್ಲಿ. ಯಾಕೆ ಆ ತಂಡವೇ ಎಂದು ಒಮ್ಮೆ ಕೇಳಿದ್ದೆ. ಗೆಲ್ಲುವ ತಂಡ ಎಂದು ಆರಿಸಿರಬೇಕು, ಅದು ಬುದ್ಧಿವಂತಿಕೆ ಎಂದುಕೊಂಡಿದ್ದೆ.

"ಇಲ್ಲೆ ಬಾವ. ನಾ ಮೊದಲು ನೋಡಿದ ದಿನ ಅವರು ಸೋತಿದ್ದರು. ಗೋಲು ಬಿಟ್ಟವನು ಮಳೆಯಲ್ಲಿ ಒಬ್ಬನೇ ನಿಂತಿದ್ದ. ದಾರೂ ಅವನ ಹತ್ರ ಹೋಗಲಿಲ್ಲೆ. ಅದಕ್ಕೆ ನಾ ಹೋದೆ."

ಹೋದವನು ಹೋಗಿಯೇ ಬಿಟ್ಟ. ಈಗ ಅವನಿಗೂ ತಲೆ ನರೆತಿದೆ. ಟೀ ಫ್ಯಾಕ್ಟರಿಯವರು ನಮ್ಮ ಹಟ್ಟಿಯಲ್ಲಿ ಎಲೆ ತೂಗಲು ಹಾಕಿರುವ ತಗಡಿನ ಶೆಡ್ಡಿಗೆ ಅವನೇ ಯಜಮಾನ. ಬೆಳಿಗ್ಗೆ ಎಲೆ ತೂಗುತ್ತಾನೆ. ಪಂದ್ಯವಿರುವ ಸಂಜೆ ಅದೇ ಶೆಡ್ಡಿನಲ್ಲಿ ಟೀವಿ ಹಚ್ಚುತ್ತಾನೆ. ಹಸಿ ಎಲೆಯ ವಾಸನೆ, ಕಂಬಳಿಯ ವಾಸನೆ, ಒಲೆಯ ಮೇಲೆ ಕುದಿಯುವ ಟೀ, ಅದರಲ್ಲಿ ಅದ್ದಲು ವರ್ಕಿ ಬಿಸ್ಕತ್ತು. ಹಟ್ಟಿಯ ಅರ್ಧ ಗಂಡಸರು ಅಲ್ಲೇ. ಹಟ್ಟಿಯ ಹಿರಿಯ ಹಾಲಜ್ಜನೂ ಒಲೆಯ ಬಿಸಿಗೆಂದು ಬಂದು ಕೂರುತ್ತಾನೆ.

"ಆ ಕರಿ ಅಂಗಿಯೋನು ಯಾವ ಟೀಮು?" ಎಂದು ಅವನು ಪ್ರತಿ ಸಲವೂ ಕೇಳುತ್ತಾನೆ.

"ಅಂವ ರೆಫರಿ ಅಜ್ಜ. ದಾರ ಕಡೆಗೂ ಇಲ್ಲೆ."

"ಹಂಗಾದರೆ ಅಷ್ಟೊಂದು ಏಕೆ ಓಡ್ತಾನೆ?"

ಈ ಸಲದ ಋತುವಿನಲ್ಲಿ ಕೆಂಪಂಗಿಯವರು ಸೋಲಲು ಶುರು ಮಾಡಿದರು. ಮೊದಲ ಸೋಲಿಗೆ ಶೆಡ್ಡಿನಲ್ಲಿ ನಕ್ಕರು. ಎರಡನೆಯದಕ್ಕೆ ರೆಫರಿಯನ್ನು ಬೈದರು. ಆಮೇಲೆ ವಾದ ಹತ್ತಿಕೊಂಡಿತು. ನಾನು ತರಕಾರಿ ಲೆಕ್ಕ ಮುಗಿಸಿ ಆ ದಾರಿಯಲ್ಲಿ ಬರುವಾಗ ತಗಡು ನಡುಗುವಂತೆ ಕೇಳಿಸುತ್ತಿತ್ತು. ಎಲೆ ಲಾರಿಯ ಡ್ರೈವರ್ ಜೋಗಿ ಒಂದು ಕಡೆ, ಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ರಾಮ ಮಾಸ್ತರು ಇನ್ನೊಂದು ಕಡೆ.

"ಕೋಚನ್ನ ಮನೆಗೆ ಕಳಿಸಬೇಕು," ಜೋಗಿ. "ನಡುವಲ್ಲಿ ತೂತು, ಬಲಗಡೆ ತೂತು. ಟೀ ಸೋಸಿದ ಹಂಗೆ ಬಾಲು ಒಳಗೆ ಹೋಗತ್ತೆ."

"ಲೇ ಜೋಗಿ, ಇದು ಸವರಿ ಕವಾತು ಮಾಡಿದ ಟೀ ತೋಟ. ಹಳೆ ರೆಂಬೆ ಎಲ್ಲ ಕಡಿದಿದ್ದಾನೆ. ಕವಾತಾದ ವರ್ಷ ದಾರಾದರೂ ಎಲೆ ಕೇಳ್ತಾರಾ?"

"ಕವಾತಾ? ಅಂವ ಬೇರನ್ನೇ ಕಿತ್ತು ಹಾಕಿದ್ದಾನೆ ಮಾಸ್ತರೇ. ನೀವು ಚಿಗುರು ಬರುತ್ತೆ ಅಂತ ನೀರು ಹಾಕ್ತಾ ಕೂತಿದ್ದೀರಿ."

"ಲಾರಿ ರಿವರ್ಸ್ ತಗೊಳ್ಳುವಾಗ ಗೋಡೆಗೆ ಹೊಡೆದೋನು ನೀನು. ನೀನು ಕೋಚಿಗೆ ಹೇಳ್ತೀಯಾ!"

ಒಂದು ದಿನ ಬಾಗಿಲಲ್ಲೇ ನಿಂತು ನಾನೂ ಒಂದು ಸಲಹೆ ಕೊಟ್ಟೆ. ಸಲಹೆ ಕೊಡದೆ ಯಾವ ಬಾಗಿಲನ್ನೂ ದಾಟಿ ಅಭ್ಯಾಸವಿಲ್ಲ ನನಗೆ. "ನಷ್ಟದ ಸರಕನ್ನು ಯಾಕೆ ಹೊರುತ್ತೀರಿ? ನೀಲಿ ಅಂಗಿಯವರು ಗೆಲ್ಲುತ್ತಿದ್ದಾರಲ್ಲ, ಅವರ ಕಡೆ ಹೋಗಿ" ಎಂದೆ. ಜೋಗಿಯೂ ಮಾಸ್ತರೂ ಅದುವರೆಗೆ ಒಬ್ಬರನ್ನೊಬ್ಬರು ತಿನ್ನುವಂತೆ ನೋಡುತ್ತಿದ್ದವರು ಒಟ್ಟಿಗೆ ನನ್ನ ಕಡೆ ತಿರುಗಿದರು. ಯಾರೂ ಬೈಯಲಿಲ್ಲ. ಸ್ವಂತ ತಾಯಿಗೆ ಬೆಲೆ ಕೇಳಿದವನನ್ನು ನೋಡುವ ಹಾಗೆ ನೋಡಿದರು. ನಾನು ಟೀ ಕುಡಿಯದೆ ಮನೆಗೆ ಹೋದೆ.

ಅದರ ಮುಂದಿನ ಸೋಲಿನ ಸಂಜೆಯೇ ಬೋಜ ಎದ್ದು ಹೊರಗೆ ಹೋಗಿ, ಕೈಕಾಲು ತೊಳೆದು, ಹೆತ್ತೆಯಮ್ಮನ ಗುಡಿಯ ದಿಕ್ಕಿಗೆ ಕೈ ಮುಗಿದನಂತೆ. ಹೆತ್ತೆ ಎಂದರೆ ನಮ್ಮ ಮಾತಿನಲ್ಲಿ ಅಜ್ಜಿ. ನಮ್ಮೆಲ್ಲರ ಅಜ್ಜಿಯಾಗಿ ಪೂಜೆಗೊಳ್ಳುವ ದೇವಿ ಅವಳು. ಅವಳ ಹತ್ತಿರ ಆಡಿದ ಮಾತನ್ನು ಯಾರೂ ತಿರುಗಿಸುವುದಿಲ್ಲ. "ನಮ್ಮವರು ಗೆಲ್ಲುವ ತನಕ ನಾ ಮುಖಕ್ಕೆ ಕತ್ತಿ ಮುಟ್ಟಿಸೋದಿಲ್ಲೆ" ಎಂದ ಬೋಜ. ಶೆಡ್ಡಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟು ದೊಡ್ಡ ಕ್ಲಬ್ಬು, ಮುಂದಿನ ಶನಿವಾರ ಗೆಲ್ಲದೆ ಎಲ್ಲಿಗೆ ಹೋಗುತ್ತದೆ?

ಮುಂದಿನ ಶನಿವಾರ ಸೋತಿತು. ಅದರ ಮುಂದಿನದೂ ಹಾಗೆಯೇ. ಗಡ್ಡ ಬೆಳೆಯಿತು. ನನ್ನ ಮಗಳು ಸುಶೀಲಳ ಮದುವೆ ಹತ್ತಿರವಾಯಿತು.

ಇಲ್ಲಿ ನಿಮಗೆ ನಮ್ಮ ರೂಢಿ ಒಂದನ್ನು ಹೇಳಬೇಕು. ಮದುವೆಯ ಬೆಳಿಗ್ಗೆ ಗಂಡಿನ ಕಡೆಯವರು ಬಂದು ಹೆಣ್ಣನ್ನು ಕರೆದುಕೊಂಡು ಹೋಗುತ್ತಾರೆ. ಹೊಸಿಲು ದಾಟುವ ಮೊದಲು ಅವಳು ಹಿರಿಯರಿಗೆಲ್ಲ ತಲೆ ಬಾಗಿಸುತ್ತಾಳೆ, ಅವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ನಮ್ಮ ಮನೆತನದಲ್ಲಿ ತಾಯಿಯ ತಮ್ಮನ ಕೈ ಬೀಳದೆ ಹೆಣ್ಣು ಹೊರಡುವುದಿಲ್ಲ. ಮತ್ತು ಬೋಳಿಸದ ಮುಖ ನಮ್ಮಲ್ಲಿ ಸಾವಿನ ಮನೆಯ ಗುರುತು. ಇವೆರಡನ್ನೂ ಒಂದೇ ಹೊಸಿಲಲ್ಲಿ ನಿಲ್ಲಿಸಿ ನೋಡಿ. ಬೀಗರು ನಂಜನಾಡಿನವರು, ನಯವಾದ ಜನ, ಆದರೆ ಶಕುನ ನೋಡುವವರು.

"ಊರಿನ ಕ್ಯಾರೆಟ್ಟಿಗೆಲ್ಲ ರೇಟು ಇಳಿಸ್ತೀರಲ್ಲ," ಎಂದಳು ಮಾದಿ, ತಟ್ಟೆಯನ್ನು ನನ್ನ ಮುಂದೆ ಕುಕ್ಕಿ. "ನಿಮ್ಮ ಬಾಮೈದನ ಗಡ್ಡ ಒಂದು ಇಳಿಸಿ ನೋಡೋಣ. ನನ್ನ ಕೂಸಿನ ತಲೆ ಮೇಲೆ ಸಾವಿನ ಮನೆಯೋನ ಹಂಗೆ ಬಂದು ಕೈ ಇಡಬೇಕಾ ಅಂವ?"

"ನಿನ್ನ ತಮ್ಮನಲ್ಲವಾ? ನೀನೇ ಹೇಳು."

"ಹೇಳಿದೆ. 'ಅಕ್ಕಾ, ಶನಿವಾರ ಗೆಲ್ತಾರೆ' ಅಂದ. ಯಾವ ಶನಿವಾರ ಅಂತ ಹೇಳಲಿಲ್ಲೆ."

ಮಾರನೆಯ ದಿನ ಶೆಡ್ಡಿಗೆ ಹೋದೆ. ಬೋಜ ತಕ್ಕಡಿಯ ಮುಂದೆ ಕೂತಿದ್ದ. ಗಡ್ಡದಲ್ಲಿ ಟೀ ಎಲೆಯ ಚೂರು ಸಿಕ್ಕಿಕೊಂಡಿತ್ತು. ನಾನು ನನ್ನ ಅಜ್ಜಿಯ ನಿಟ್ಟುಸಿರಿನಿಂದ ಶುರು ಮಾಡಿದೆ.

"ಬೋಜಾ, ಡ್ರಾ ಆದರೂ ಗೆಲುವು ಅಂತಲೇ ಲೆಕ್ಕ ಹಾಕೋಣ. ಸೋತಿಲ್ಲ ಅಲ್ಲವಾ?"

"ಹೆತ್ತೆಗೆ ಗೆಲುವು ಅಂದಿದ್ದೇನೆ ಬಾವ."

"ಸರಿ. ಅದೇ ಕ್ಲಬ್ಬಿನ ಹೆಣ್ಣುಮಕ್ಕಳ ತಂಡ ಮೊನ್ನೆ ಗೆದ್ದಿದೆಯಂತೆ. ಅದೇ ಅಂಗಿ, ಅದೇ ಬಾವುಟ. ನೀನು ಗಂಡಸರ ತಂಡ ಅಂತ ಬಿಡಿಸಿ ಹೇಳಿದ್ದೆಯಾ ಹೆತ್ತೆಗೆ?"

ಇದು ನನ್ನ ಒಳ್ಳೆಯ ಏಟು. ಮಾಸ್ತರರ ಹತ್ತಿರ ವಿಚಾರಿಸಿ ತಯಾರಾಗಿ ಬಂದಿದ್ದೆ. ಬೋಜ ನಿಜವಾಗಿಯೂ ಯೋಚಿಸಿದ. ತಕ್ಕಡಿಯ ಕೊಕ್ಕೆಯನ್ನು ಬೆರಳಲ್ಲಿ ಆಡಿಸಿದ.

"ಅವರು ಗೆದ್ದದ್ದು ಅವರ ಗೆಲುವು ಬಾವ. ಆ ಕೂಸುಗಳು ಓಡಿ ಬೆವರು ಹರಿಸಿ ಗೆದ್ದದ್ದನ್ನ ತಂದು ಈ ಸೋಂಬೇರಿಗಳ ಹೆಸರಿಗೆ ಬರೆಯೋದಾ?"

ಕೊನೆಗೆ, ಬೋಳಿಸುವುದು ಬೇಡ, ಕತ್ತರಿಯಲ್ಲಿ ಟ್ರಿಮ್ ಮಾಡಿಸು ಎಂದೆ. ಅವನು ನಕ್ಕು ನನಗೆ ಟೀ ಕೊಟ್ಟ.

ಮನುಷ್ಯ ಬಗ್ಗದಿದ್ದರೆ ಊರನ್ನು ಹಿಡಿಯಬೇಕು. ಹಟ್ಟಿಯ ಕೂಟಕ್ಕೆ ದೂರು ಕೊಟ್ಟೆ. ನಮ್ಮಲ್ಲಿ ಬೇಲಿಯಿಂದ ಹಿಡಿದು ಬೀಗತನದವರೆಗೆ ಎಲ್ಲವೂ ಗುಡಿಯ ಮುಂದಿನ ಹುಲ್ಲಿನ ಮೇಲೆ ಕೂತು ತೀರ್ಮಾನವಾಗುವುದು. ಹಟ್ಟಿಯೆಲ್ಲ ಸೇರಿ ಒಪ್ಪಿದರೆ ಹರಕೆಗೆ ಬೇರೆ ದಾರಿ ಹುಡುಕಬಹುದು, ಕಾಣಿಕೆ ಹಾಕಿ ಬಿಡಿಸಬಹುದು. ಆದರೆ ನಮ್ಮ ಹಟ್ಟಿಯ ಕೂಟಕ್ಕೆ ಒಂದು ಕಟ್ಟಳೆಯಿದೆ: ಯಾವ ವಿಷಯದಲ್ಲಿ ದೂರು ಹೇಳುತ್ತೀರೋ ಆ ವಿಷಯದಲ್ಲಿ ನಿಮ್ಮ ತಪ್ಪೇನು ಎಂದು ಮೊದಲು ಹೇಳಬೇಕು. ಆಮೇಲೆಯೇ ಇನ್ನೊಬ್ಬರ ತಪ್ಪು. ಬೇಲಿ ಜಗಳಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಎಷ್ಟೋ ದೂರುಗಳು ಅಲ್ಲೇ ಬತ್ತಿಹೋಗುತ್ತವೆ.

ಹಾಲಜ್ಜ ನಡುವೆ ಕೂತು, "ವಿಷಯ ಏನ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಜೋಗಿ ಎದ್ದ. "ವಿಷಯ ಟೀಮಿನ ಫಾರ್ಮು ಅಜ್ಜ. ಟೀಮು ಗೆದ್ದರೆ ಗಡ್ಡ ತಾನೇ ಹೋಗತ್ತೆ. ಟೀಮು ಏಕೆ ಸೋಲ್ತಾ ಇದೆ ಅಂತ ಮೊದಲು ತೀರ್ಮಾನ ಆಗಲಿ. ಕೋಚು..."

"ಇರು. ಮೊದಲು ನಿಂದು ಹೇಳು."

ಆ ದೊಡ್ಡ ಮೈಯ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಎರಡನೇ ಮ್ಯಾಚಿನ ದಿನ ನಾ ಜಾಗ ಬದಲಾಯಿಸಿ ಕೂತೆ. ಒಲೆ ಹತ್ರ ಹೋದೆ. ಚಳಿ ಇತ್ತು. ಕೂತ ಕೂಡಲೇ ಗೋಲು ಬಿತ್ತು."

ನಾನು ನಗಲು ಸಿದ್ಧನಾಗಿದ್ದೆ. ಯಾರೂ ನಗಲಿಲ್ಲ. ಮಾಸ್ತರು ಎದ್ದು, ಸೋವಾರದ ದಿನ, ಅಂದರೆ ನಾವು ಮಣ್ಣು ಮುಟ್ಟದ ಸೋಮವಾರದ ದಿನ, ಕೋಸಿನ ಪಾತಿಗೆ ಗುದ್ದಲಿ ಹಾಕಿದೆ ಎಂದರು. "ಆ ವಾರವೇ ನಮ್ಮ ಕ್ಯಾಪ್ಟನ್ನಿನ ಮೊಣಕಾಲು ಹೋಯಿತು." ಒಬ್ಬ, ಪೆನಾಲ್ಟಿಯ ಹೊತ್ತಿಗೆ ಫೋನ್ ಎತ್ತಿದೆ ಎಂದ. ಇನ್ನೊಬ್ಬ, ಗೆಲ್ಲುವ ಮೊದಲೇ ಗೆದ್ದೆವೆಂದು ಮಂಜೂರಿನಲ್ಲಿ ಹೇಳಿಕೊಂಡು ಬಂದೆ ಎಂದ. ಒಬ್ಬರಾದ ಮೇಲೆ ಒಬ್ಬರು. ಮಂಜು ಇಳಿಯುತ್ತಿತ್ತು, ಗುಡಿಯ ಹಿಂದಿನ ತೋಟದಲ್ಲಿ ಕಾಡುಕೋಣವೊಂದು ಮೂಗರಳಿಸಿ ಉಸಿರು ಬಿಟ್ಟದ್ದು ಕೇಳಿಸಿತು. ಕಡಲಾಚೆ ಯಾವುದೋ ಊರಿನಲ್ಲಿ ಕೋಟಿಗಟ್ಟಲೆ ಸಂಬಳದ ಆಟಗಾರರು ಚೆಂಡು ಕಳೆದುಕೊಂಡದ್ದಕ್ಕೆ ಇಲ್ಲಿ, ಮಂಜೂರು ಎಂಬುದು ಇದೆಯೆಂದೂ ಅವರಿಗೆ ಗೊತ್ತಿಲ್ಲದ ಇಲ್ಲಿ, ಟೀ ಎಲೆ ಕೀಳುವ ಗಂಡಸರು ತಪ್ಪು ತಮ್ಮದೆಂದು ಎದ್ದು ನಿಂತು ಒಪ್ಪಿಕೊಳ್ಳುತ್ತಿದ್ದರು. ಕೋಚನ್ನು ಬೈಯುವುದಕ್ಕೆಂದೇ ಬಂದವರು. ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಕೋಚಿನ ಹೆಸರೆತ್ತಲು ಯಾರಿಗೂ ಮುಖವಿರಲಿಲ್ಲ. ನನ್ನ ಮೈ ಜುಮ್ಮೆಂದಿತು. ಚಳಿಗೆ ಎಂದುಕೊಂಡೆ.

"ನಿಂದು?" ಹಾಲಜ್ಜ ನನ್ನ ಕಡೆ ತಿರುಗಿದ.

"ನಂದೇನೂ ಇಲ್ಲ ಅಜ್ಜ. ನಾನು ಮ್ಯಾಚನ್ನೇ ನೋಡೋದಿಲ್ಲ."

"ನೋಡಿಯೇ ಇಲ್ಲೆ?"

"ಇಲ್ಲ."

"ಹಂಗಾದರೆ ಈ ವಿಷಯದಲ್ಲಿ ನಿನಗೆ ಮಾತಿಲ್ಲೆ. ಕೂತುಕೋ."

ಮದುಮಗಳ ತಂದೆ ನಾನು! ಮಂಡಿಯಲ್ಲಿ ನನ್ನ ಮಾತಿಗೆ ಲಾರಿಗಳು ತಿರುಗುತ್ತವೆ. ಹುಲ್ಲಿನ ಮೇಲೆ ಕೂತುಕೊಂಡೆ. ಕೂಟ ಮುರಿಯಿತು, ಗಡ್ಡ ಉಳಿಯಿತು. ಮನೆಯಲ್ಲಿ ಮಾದಿ ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮದುವೆ ಭಾನುವಾರ. ಅದರ ಹಿಂದಿನ ಶನಿವಾರ ಸಂಜೆ ಆರಕ್ಕೆ ಪಂದ್ಯ. ಮನೆ ತುಂಬ ನೆಂಟರು, ಹಿತ್ತಲಲ್ಲಿ ಅವರೆಕಾಳಿನ ಹಂಡೆ ಕುದಿಯುತ್ತಿತ್ತು, ನಾನು ಮಾತ್ರ ಜೀವನದಲ್ಲಿ ಮೊದಲ ಸಲ ಪೂರ್ತಿ ಫುಟ್‌ಬಾಲ್ ನೋಡಲು ಶೆಡ್ಡಿನಲ್ಲಿ ಕೂತೆ. ಬರಿಗೈಯಲ್ಲಿ ಹೋಗಿರಲಿಲ್ಲ. ಮಂಜೂರಿನ ಸಲೂನಿನ ಶೇಖರನನ್ನು ಪೆಟ್ಟಿಗೆ ಸಮೇತ ಕರೆತಂದು ಒಲೆಯ ಹತ್ತಿರ ಕೂರಿಸಿದ್ದೆ. ಗೆದ್ದ ಕ್ಷಣಕ್ಕೆ ಬಿಸಿನೀರು ತಯಾರಿರಬೇಕಲ್ಲ.

ಕೆಂಪಂಗಿಯವರು ಬೇಗನೆ ಒಂದು ಗೋಲು ತಿಂದರು. ನಾನು ಬೈಗುಳ ಕೇಳಲು ಕಾದೆ. ಬರಲಿಲ್ಲ. ಕೂಟವಾದ ಮೇಲೆ ಶೆಡ್ಡು ಬೇರೆಯೇ ಆಗಿತ್ತು. ಜೋಗಿ ತನ್ನ ಹಳೆಯ ಜಾಗದಲ್ಲಿ, ಒಲೆಯಿಂದ ದೂರ, ತಗಡಿನ ಬಿರುಕಿನಿಂದ ಗಾಳಿ ನುಗ್ಗುವಲ್ಲಿ ನಡುಗುತ್ತಾ ಕೂತಿದ್ದ. ಯಾರ ಜೇಬಿನಲ್ಲೂ ಫೋನಿರಲಿಲ್ಲ, ಎಲ್ಲವನ್ನೂ ಎಲೆ ಬುಟ್ಟಿಯಲ್ಲಿ ಹಾಕಿದ್ದರು. ಬೋಜ ಟೀವಿಗೆ ಹತ್ತಿರ, ಮೊಣಕಾಲು ಅಪ್ಪಿಕೊಂಡು. ಕೆಂಪಂಗಿಯ ಹುಡುಗನೊಬ್ಬ ಎಡವಿ ಬಿದ್ದರೆ ಇಡೀ ಶೆಡ್ಡು "ಏಳಪ್ಪಾ, ಏಳು" ಎನ್ನುತ್ತಿತ್ತು, ಸ್ವಂತ ಮನೆಯ ಕೂಸಿಗೆ ಹೇಳುವ ದನಿಯಲ್ಲಿ. ಅವನು ಏಳುತ್ತಿದ್ದ. ಇವರು ಹೇಳಿದ್ದರಿಂದಲೇ ಎದ್ದ ಎಂದು ನನಗೂ ಅನ್ನಿಸತೊಡಗಿತು. ಲಾಭವಿಲ್ಲ, ಹೊಗಳಿಕೆಯಿಲ್ಲ, ತಿರುಗಿ ನೋಡುವವರಿಲ್ಲ. ಆದರೂ ಒಬ್ಬನೂ ಎದ್ದು ಹೋಗುತ್ತಿಲ್ಲ. ನನ್ನ ವ್ಯಾಪಾರದಲ್ಲಿ ಇಂಥ ಗಿರಾಕಿಯನ್ನು ನಾನು ಕಂಡಿಲ್ಲ, ಕಾಣುವುದೂ ಇಲ್ಲ.

ಪಂದ್ಯ ಮುಗಿಯುವ ಹೊತ್ತಿಗೆ ಕೆಂಪಂಗಿಯವರು ಒಂದು ಗೋಲು ತಿರುಗಿಸಿದರು. ಶೆಡ್ಡು ಎದ್ದಿತು. ಇನ್ನೊಂದು, ಇನ್ನೊಂದೇ ಒಂದು ಎಂದು ಎಲ್ಲರೂ ನಿಂತುಕೊಂಡೇ ನೋಡಿದರು. ನಾನು ಶೇಖರನ ಕಡೆ ತಿರುಗಿ ನೀರು ಆರುತ್ತಿದೆಯೇ ಎಂದು ಬೆರಳದ್ದಿ ನೋಡುತ್ತಿದ್ದಾಗ ಎಲ್ಲರ ಬಾಯಿಂದ ಒಟ್ಟಿಗೆ "ಅಯ್ಯೋ" ಎಂದು ಬಂತು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗಿತ್ತಂತೆ. ಕರಿ ಅಂಗಿಯವನು ಸೀಟಿ ಊದಿದ. ಡ್ರಾ.

ಶೇಖರ ಬ್ರಶ್ಶಿಗೆ ನೊರೆ ಬರಿಸಿಕೊಂಡು ನನ್ನ ಮುಖ ನೋಡಿದ.

"ಸಾಕು ಬೋಜಣ್ಣ," ಎಂದ ಜೋಗಿ ಮೆಲ್ಲಗೆ. "ಕಂಬಕ್ಕೆ ಬಡಿದದ್ದು ಒಳಗೆ ಹೋದ ಹಂಗೇ. ಕೂಸಿನ ಮದುವೆ. ಹೆತ್ತೆ ಬೇಡ ಅನ್ನೋದಿಲ್ಲೆ."

ಬೋಜ ಟೀವಿ ಆರಿಸಿದ. "ಎಲೆ ತೂಗುವಾಗ ಮುಳ್ಳು ಎಲ್ಲಿ ನಿಲ್ಲುತ್ತೋ ಅಷ್ಟೇ ನಾ ಹೇಳೋದು ಜೋಗಿ. ನಾಳೆ ನನ್ನ ಅಕ್ಕನ ಮಗಳ ಮದುವೆ ಅಂತ ಮುಳ್ಳು ಮುಂದೆ ಹೋಗುತ್ತಾ?" ಆಮೇಲೆ ನನ್ನ ಕಡೆ ತಿರುಗಿದ. ಅವನ ಕಣ್ಣು ಕೆಂಪಗಿತ್ತು. "ಬಾವ, ನಾ ನಾಳೆ ಮೇಲಿನ ತೋಟದಲ್ಲಿ ಇರ್ತೇನೆ. ಬೀಗರ ಕಣ್ಣಿಗೆ ಬೀಳೋದಿಲ್ಲೆ. ಕೂಸು ಹೊರಡುವಾಗ ಅಲ್ಲಿಂದಲೇ ಕೈ ಎತ್ತುತ್ತೇನೆ. ಅಕ್ಕನಿಗೆ ಹೇಳು."

ನಾನು ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ನಂಜನಾಡಿನವರು ಬಂದರು. ಬಿಳಿ ರುಮಾಲು, ಬಿಳಿ ಶಾಲು, ಬ್ಯಾಂಡು. ಸುಶೀಲ ಹೊಸಿಲ ಒಳಗೆ ನಿಂತು ಒಬ್ಬೊಬ್ಬರಿಗೂ ತಲೆ ಬಾಗಿಸಿದಳು. ಸರದಿ ಮುಗಿಯಿತು. ಅವಳು ತಲೆಯೆತ್ತಿ ಸುತ್ತ ನೋಡಿದಳು.

"ಬೋಜ ಮಾಮ ಎಲ್ಲಿ?"

ಮಾದಿ ನನ್ನನ್ನು ನೋಡಿದಳು. ನಾನು ಬ್ಯಾಂಡಿನವರನ್ನು ನೋಡಿದೆ. ಯಾರೋ, "ಶೆಡ್ಡಿನಲ್ಲಿ ಕೆಲಸ ಅಂತೆ ಕೂಸೇ, ಆಮೇಲೆ ಬರ್ತಾನೆ, ಹೊರಡು" ಎಂದರು. ಭಾನುವಾರ ಎಲೆ ತೂಗುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲವೇ? ಹುಟ್ಟಿದಂದಿನಿಂದ ಆ ತಕ್ಕಡಿಯಲ್ಲಿ ತೂಗಿಸಿಕೊಂಡು ಬೆಳೆದವಳು. ಅವಳ ಕಣ್ಣು ಹಿತ್ತಲಾಚೆಯ ಮೇಲಿನ ತೋಟಕ್ಕೆ ಹೋಯಿತು. ಹಸಿರಿನ ನಡುವೆ ಒಂದು ಬಿಳಿ ರುಮಾಲು ನಿಂತಿತ್ತು. ಅಷ್ಟೇ. ಅವಳು ಸೀರೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಹಿಂಬಾಗಿಲಿನಿಂದ ಇಳಿದು, ಟೀ ಗಿಡಗಳ ನಡುವಿನ ಕಾಲುದಾರಿಯಲ್ಲಿ ಹತ್ತತೊಡಗಿದಳು. ಅವಳ ಹಿಂದೆ ಮಾದಿ, ನಾನು, ಹಾಲಜ್ಜ, ಶೆಡ್ಡಿನವರೆಲ್ಲ, ಏನಾಯಿತೆಂದು ತಿಳಿಯದೆ ಬೀಗರು. ಬ್ಯಾಂಡಿನವರೂ ಹಿಂದೆಯೇ ಬಂದರು, ಪಾಪ, ಬಾರಿಸುತ್ತಲೇ.

ಬೋಜ ಹಿಂದಕ್ಕೆ ಸರಿದ. "ಬೇಡ ಕೂಸೇ. ಗಡ್ಡ."

"ಗಡ್ಡ ನಾನು ನೋಡಿಲ್ಲವಾ ಮಾಮ? ನಿನ್ನೆ ಕಂಬಕ್ಕೆ ಬಡಿದದ್ದನ್ನೂ ಫೋನಿನಲ್ಲಿ ನೋಡಿದೆ. ಕೈ ಇಡು."

ಬೀಗರು ಏದುಸಿರು ಬಿಡುತ್ತಾ ಮುಂದೆ ಬಂದು ಬೋಜನ ಮುಖ ನೋಡಿದರು. ಅವರ ಮುಖ ಬಾಡಿತು. "ದಾರ ಮನೆಯಲ್ಲಿ ಸಾವು?" ಎಂದರು ತಗ್ಗಿದ ದನಿಯಲ್ಲಿ. ಬ್ಯಾಂಡು ನಿಂತಿತು. ಈ ಪ್ರಶ್ನೆಗೇ ನಾನು ವಾರಗಟ್ಟಲೆ ಹೆದರಿದ್ದೆ.

ಹಾಲಜ್ಜ ಕೋಲೂರಿಕೊಂಡು ಗಿಡಗಳ ನಡುವೆ ನಿಂತ. "ಸತ್ತದ್ದು ದಾರೂ ಇಲ್ಲೆ," ಎಂದ. "ಸತ್ತವರಿಗೆ ಬಿಡುವ ಗಡ್ಡ ತಿರುಗಿ ಬಾರದವರಿಗೆ ಬಿಡೋದು. ಇದು ಬರ್ತಾರೆ ಅಂತ ಕಾಯೋ ಗಡ್ಡ. ಅಂವ ಕಾಯ್ತಾ ಇದ್ದಾನೆ, ಅವರು ಇನ್ನೂ ಆಡ್ತಾ ಇದ್ದಾರೆ. ಇದರಲ್ಲಿ ಸಾವು ಎಲ್ಲಿ ಬಂತು?" ಆಮೇಲೆ ನನ್ನ ಕಡೆ ತಿರುಗಿದ. "ಹೆಣ್ಣಿನ ಅಪ್ಪ ಒಪ್ಪಬೇಕು. ಈಗ ನೀನೂ ನೋಡಿದ್ದೀಯಲ್ಲ. ಹೇಳು. ಮೊದಲು ನಿಂದು."

ಮಗಳು, ಹೆಂಡತಿ, ಬೀಗರು, ಶೆಡ್ಡಿನ ಜನ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಕೊನೆಯ ಹೊತ್ತಿನಲ್ಲಿ ನಾನು ಟೀವಿ ನೋಡುತ್ತಿರಲಿಲ್ಲ ಅಜ್ಜ," ಎಂದೆ. "ಶೇಖರನ ಬಿಸಿನೀರಿಗೆ ಬೆರಳದ್ದಿ ನೋಡುತ್ತಿದ್ದೆ. ಆಗಲೇ ಚೆಂಡು ಕಂಬಕ್ಕೆ ಬಡಿಯಿತು."

ಶೆಡ್ಡಿನವರು ತಲೆಯಾಡಿಸಿದರು. ಒಬ್ಬರ ಮುಖದಲ್ಲೂ ನಗೆಯಿರಲಿಲ್ಲ. ಗೆಲುವು ಎಲ್ಲಿ ತಪ್ಪಿತೆಂದು ಅವರಿಗೆ ಕೊನೆಗೂ ತಿಳಿದಿತ್ತು. ನಾನೂ ತಮಾಷೆಗೆ ಹೇಳಿರಲಿಲ್ಲ.

"ಸರಿ. ಬೋಜನ ವಿಷಯದಲ್ಲಿ?"

"ಅವನ ತಪ್ಪೇನೂ ಇಲ್ಲ. ಕೈ ಇಡಲಿ."

ಬೀಗರು ಇನ್ನೂ ಗಡ್ಡವನ್ನೇ ದಿಟ್ಟಿಸುತ್ತಿದ್ದರು. "ಯಾವ ಟೀಮು?" ಎಂದು ಜೋಗಿಯನ್ನು ಕೇಳಿದರು. ಜೋಗಿ ಹೇಳಿದ. ಬೀಗರು ಶಾಲು ಸರಿಮಾಡಿಕೊಂಡು, "ಓ. ಹಂಗಾದರೆ ಇದು ಇನ್ನೂ ಉದ್ದ ಆಗತ್ತೆ" ಎಂದರು. ಅವರ ಮನೆಯಲ್ಲೂ ಶನಿವಾರಗಳಿದ್ದವು ಎಂದು ಆಗ ಗೊತ್ತಾಯಿತು. ತೋಟವೆಲ್ಲ ನಕ್ಕಿತು. ಮಾದಿ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸುಶೀಲ ತಲೆ ಬಾಗಿಸಿದಳು. ಎಲೆಯ ಕಲೆ ಹಿಡಿದ ಎರಡೂ ಕೈಗಳನ್ನು ಬೋಜ ಅವಳ ತಲೆಯ ಮೇಲಿಟ್ಟ. ಹರಸುವ ಮಾತುಗಳನ್ನು ಒಂದೂ ಬಿಡದೆ ಹೇಳಿದ. ಕೂದಲೆಳೆಯಷ್ಟೂ ಬಗ್ಗದ ಮನುಷ್ಯನೊಬ್ಬನ ಹತ್ತಿರಕ್ಕೆ ಒಂದು ಮದುವೆ ದಿಬ್ಬಣವೇ ಬ್ಯಾಂಡು ಸಮೇತ ಗುಡ್ಡ ಹತ್ತಿ ಬಂದು ನಿಂತಿತ್ತು. ನಾನು ಬದುಕಿಡೀ ಜನರನ್ನು ಬಗ್ಗಿಸಿ ಬಗ್ಗಿಸಿ ಹತ್ತಿರಕ್ಕೆ ಎಳೆದವನು. ಹೀಗೂ ಆಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತೆ.

ಇದನ್ನು ಬರೆಯುವ ಹೊತ್ತಿಗೂ ಕೆಂಪಂಗಿಯವರು ಗೆದ್ದಿಲ್ಲ. ಕೋಚು ಇರಬೇಕೇ ಹೋಗಬೇಕೇ ಎಂಬ ವಾದ ಶೆಡ್ಡಿನಲ್ಲಿ ಮತ್ತೆ ಜೋರಾಗಿದೆ. ನಾನು ಮಾಸ್ತರರ ಪಕ್ಷ.

ನಿಮಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ, ಖರ್ಚಿಲ್ಲದ ಮಾತು, ಬರೆದಿಟ್ಟುಕೊಳ್ಳಿ. ಮಗಳ ಮದುವೆಗೆ ದಿನ ಗೊತ್ತು ಮಾಡುವಾಗ ಪಂಚಾಂಗದ ಜೊತೆಗೆ ಅವಳ ಸೋದರಮಾವನ ತಂಡ ಆ ತಿಂಗಳು ಯಾರ ಮೇಲೆ ಆಡುತ್ತದೆ ಎಂದೂ ನೋಡಿಕೊಳ್ಳಿ. ಹರಕೆ ಹೊತ್ತವನ ಹತ್ತಿರ ಕ್ಷೌರಿಕನನ್ನು ಕರೆದುಕೊಂಡು ಹೋಗಬೇಡಿ. ನೀರು ಕಾಯಿಸಿದ ಸೌದೆ ದಂಡ. ತಂಡ ಸೋಲುತ್ತಿರುವವರ ನಡುವೆ ಬಾಗಿಲಲ್ಲಿ ನಿಂತು ಬುದ್ಧಿ ಹೇಳಬೇಡಿ. ಒಳಗೆ ಹೋಗಿ, ಫೋನನ್ನು ಬುಟ್ಟಿಗೆ ಹಾಕಿ, ಕೊಟ್ಟ ಜಾಗದಲ್ಲಿ ಕೂತುಕೊಳ್ಳಿ. ಗಾಳಿ ಹೊಡೆಯುವ ಜಾಗವಾದರೆ ಕಂಬಳಿ ಒಯ್ಯಿರಿ. ಮತ್ತು ಸೀಟಿ ಊದುವವರೆಗೆ ಬೇರೆ ಕಡೆ ತಿರುಗಬೇಡಿ, ದಯವಿಟ್ಟು. ಒಂದು ಸಲ ತಿರುಗಿದ್ದರಿಂದ ಏನಾಯಿತು ಎಂದು ನಮ್ಮ ಹಟ್ಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ.